ಮಳೆಯ ಲೆಕ್ಕವಿದೆ, ಹೂವಿನ ಲೆಕ್ಕವೆಲ್ಲಿ?

ಮಲೆನಾಡಿನ ಹಳೆಯ ಕಾಫಿ ತೋಟಗಳ ಮನೆಗಳಲ್ಲಿ ಸಾಮಾನ್ಯವಾಗಿ ಒಂದು ಮಳೆ ಪುಸ್ತಕ ಇರುತ್ತದೆ. ಅಂಗಳದ ಮಳೆಮಾಪಕದಲ್ಲಿ ಪ್ರತಿದಿನ ಬೆಳಿಗ್ಗೆ ಅಳೆದ ನೀರನ್ನು ಇಂಚು, ಸೆಂಟುಗಳ ಲೆಕ್ಕದಲ್ಲಿ ಅದರಲ್ಲಿ ಬರೆದಿಡುವುದು ತಲೆಮಾರುಗಳಿಂದ ನಡೆದುಬಂದ ಪದ್ಧತಿ. ಅಜ್ಜನ ಕೈಬರಹದ ಕೆಳಗೆ ಮಗನ, ಮೊಮ್ಮಗನ ಕೈಬರಹ ಮುಂದುವರಿದಿರುವುದೂ ಉಂಟು. ಯಾವ ವರ್ಷ ಹೂಮಳೆ ಹದವಾಗಿ ಬಂತು, ಯಾವ ವರ್ಷ ಕೈಕೊಟ್ಟಿತು ಎಂಬುದನ್ನು ಆ ಪುಟಗಳನ್ನು ನೋಡಿ ನಿಖರವಾಗಿ ಹೇಳಬಹುದು. ಆದರೆ ಆ ಮಳೆಗೆ ಹೂವು ಎಷ್ಟನೆಯ ದಿನಕ್ಕೆ ಅರಳಿತು, ಅರಳಿದ ಬೆಳಿಗ್ಗೆ ತೋಟದಲ್ಲಿ ಜೇನಿನ ಸದ್ದು ಇತ್ತೇ, ಹಿತ್ತಲಿನ ಸುರಗಿ ಮೊಗ್ಗೊಡೆದದ್ದು ಯಾವ ವಾರ ಎಂದು ಹುಡುಕಿದರೆ ಒಂದು ಸಾಲು ಸಿಗುವುದೂ ಅಪರೂಪ.

ಮಳೆಯನ್ನು ಇಷ್ಟು ನಿಷ್ಠೆಯಿಂದ ಅಳೆದ ಮಲೆನಾಡು ವಸಂತವನ್ನು ಅಳೆಯಲಿಲ್ಲ. ಮಳೆ ಬಂದರೂ ಬರಬಹುದು, ಬಾರದೆಯೂ ಇರಬಹುದು. ವಸಂತ ಮಾತ್ರ ತಪ್ಪದೆ ಬರುತ್ತದೆ ಎಂಬ ನಂಬಿಕೆ ಇದಕ್ಕೆ ಕಾರಣವಿರಬೇಕು. ಆ ನಂಬಿಕೆಯನ್ನು ಇಂದು ಮರುಪರಿಶೀಲಿಸಬೇಕಾಗಿದೆ. ಪಂಚಾಂಗದ ಚೈತ್ರ ಪ್ರತಿವರ್ಷ ಬರುತ್ತದೆ. ಆದರೆ ಗಿಡಮರಗಳ ದಿನಚರಿಗೂ ಕೀಟಗಳ ದಿನಚರಿಗೂ ನಡುವೆ ಇರುವ ಹೊಂದಾಣಿಕೆ, ಅಂದರೆ ಹೊಲ, ತೋಟ, ಬೆಟ್ಟಗಳಲ್ಲಿ ನಿಜವಾಗಿ ನಡೆಯುವ ವಸಂತ, ಸಡಿಲಗೊಳ್ಳುತ್ತಿದೆ. ಅದನ್ನು ಸಡಿಲಗೊಳಿಸುತ್ತಿರುವವುಗಳಲ್ಲಿ ಬದಲಾದ ಹವಾಮಾನ ಒಂದು. ಕತ್ತಿ, ಸಿಂಪರಣೆಯ ಕ್ಯಾನು, ಬೆಂಕಿಕಡ್ಡಿ ಹಿಡಿದ ಊರಿನ ಕೈಗಳು ಇನ್ನೊಂದು. ಮೊದಲನೆಯದನ್ನು ಒಂದು ಗ್ರಾಮ ತಡೆಯಲಾರದು. ಎರಡನೆಯದನ್ನು ತಡೆಯಬಲ್ಲದು, ತಡೆಯಲೇಬೇಕು.

ಮಳೆಗೆ ಮೊದಲೇ ಚಿಗುರುವುದೇಕೆ?

ಮಲೆನಾಡಿನ ವಸಂತದ ಕೆಲಸ ಮಾಘದ ಕೊನೆಗೇ ಆರಂಭವಾಗುತ್ತದೆ. ಅಡಿಕೆ ಕೊಯ್ಲು ಮುಗಿದು, ಕಾಫಿ ಕಣದಿಂದ ಮನೆ ಸೇರುವ ಹೊತ್ತಿಗೆ ಮಾವಿನ ತುದಿಗಳಲ್ಲಿ ಹೂಗೊಂಚಲು ಕಾಣಿಸಿಕೊಳ್ಳುತ್ತದೆ. ಬೂರುಗ ಎಲೆಯುದುರಿಸಿ ಕೆಂಪು ಹೂ ಹೊರುತ್ತದೆ. ಅರೆಮಲೆನಾಡಿನ ಬಯಲಂಚಿನಲ್ಲಿ ಮುತ್ತುಗ ಅರಳುತ್ತದೆ. ಅನಂತರ ಸಾಗಡೆ, ಹೊಂಗೆ, ನಾಗಸಂಪಿಗೆಗಳ ಚಿಗುರು. ಬಿಸಿಲೇರಿದಂತೆ ಜೀರುಂಡೆಗಳ ಸದ್ದೂ ಏರುತ್ತದೆ.

ವಿದ್ಯಾರ್ಥಿಗಳು ಕೇಳಬೇಕಾದ ಒಂದು ಪ್ರಶ್ನೆ ಇಲ್ಲಿದೆ. ಮಣ್ಣಿನ ಮೇಲ್ಪದರ ಒಣಗಿ, ಹಳ್ಳಗಳು ಸೊರಗಿರುವ ತಿಂಗಳಿನಲ್ಲಿಯೇ ಇಷ್ಟೊಂದು ಮರಗಳು ಏಕೆ ಚಿಗುರುತ್ತವೆ? ನೀರು ಸಮೃದ್ಧವಾಗಿರುವ ಆಷಾಢಕ್ಕಾಗಿ ಕಾಯಬಾರದೇ? ಬಂಡೀಪುರಕ್ಕೆ ಹೊಂದಿಕೊಂಡಿರುವ ಮುದುಮಲೆಯ ಎಲೆಯುದುರುವ ಕಾಡಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ನಡೆಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ಒಣ ಋತುವಿನಲ್ಲಿಯೇ ಚಿಗುರಿದ ಮರಗಳ ಎಲೆಗಳಿಗೆ ಕೀಟಗಳಿಂದ ಆದ ಹಾನಿ ಕಡಿಮೆ. ಮಳೆ ಬಂದ ಮೇಲೆ ಚಿಗುರಿದ ಮರಗಳ ಎಲೆಗಳಿಗೆ ಹೆಚ್ಚು. ಮಳೆಯೊಡನೆ ಎಲೆ ತಿನ್ನುವ ಹುಳುಗಳ ಸಂಖ್ಯೆ ಏರುತ್ತದೆ. ಅಷ್ಟರಲ್ಲಿ ಎಲೆ ಬಲಿತು ಗಡುಸಾಗಿದ್ದರೆ ಮರ ಗೆದ್ದಂತೆ. ಆಳಕ್ಕೆ ಬೇರಿಳಿಸಿದ ಮರ ತನ್ನಲ್ಲಿ ಉಳಿದ ನೀರನ್ನು ಖರ್ಚು ಮಾಡಿ ಹುಳುವಿಗಿಂತ ಕೆಲವು ವಾರ ಮುಂದೆ ಹೋಗುತ್ತದೆ. ಯುಗಾದಿಯ ಹೊತ್ತಿಗೆ ಕಣ್ಣಿಗೆ ಹಬ್ಬವಾಗುವ ಚಿಗುರಿನ ಹಿಂದೆ ಇಂತಹ ಕಾಲಗಣನೆ ಇದೆ.

ಮಳೆ ತನ್ನ ಕಾಲಕ್ಕೆ ಬರುತ್ತದೆ ಎಂಬುದನ್ನು ಆಧರಿಸಿ ಸಾವಿರಾರು ವರ್ಷಗಳಲ್ಲಿ ರೂಪುಗೊಂಡ ಗಣನೆ ಇದು. 2021ರ ಜನವರಿಯ ಮೊದಲ ವಾರಗಳಲ್ಲಿ ಚಿಕ್ಕಮಗಳೂರು, ಕೊಡಗುಗಳಲ್ಲಿ ಅಕಾಲಿಕವಾಗಿ ಮಳೆ ಸುರಿಯಿತು. ಕಣದಲ್ಲಿ ಒಣಗುತ್ತಿದ್ದ ಕಾಫಿ ನೆನೆಯಿತು; ಕೊಯ್ಯದ ಹಣ್ಣು ಇನ್ನೂ ರೆಂಬೆಯಲ್ಲಿರುವಾಗಲೇ ಅದೇ ಗಿಡದಲ್ಲಿ ಹೂವು ಅರಳಿತು. ಬೆಳೆಗಾರರು ಅದನ್ನು ಬೆಳೆನಷ್ಟವೆಂದು ಸರಿಯಾಗಿಯೇ ಲೆಕ್ಕ ಹಾಕಿದರು. 2024ರ ಬೇಸಿಗೆಯಲ್ಲಿ ಇದಕ್ಕೆ ವಿರುದ್ಧವಾದ ಕಷ್ಟ; ಬಿಸಿಲು ಸುಟ್ಟಿತು, ಹೂಮಳೆಗಾಗಿ ಜನ ಆಕಾಶ ನೋಡಿದರು. ಕಾಡಿನ ಮರಗಳು, ಅವುಗಳನ್ನು ನೆಚ್ಚಿದ ದುಂಬಿ, ಪತಂಗ, ಜೇನುಗಳು ಆ ಎರಡು ವರ್ಷಗಳಲ್ಲಿ ಏನು ಮಾಡಿದವು ಎಂಬುದನ್ನು ಬರೆದಿಟ್ಟ ಊರುಗಳು ಎಷ್ಟಿರಬಹುದು?

ಮೂರು ದಿನದ ಹೂವು

ಈ ಹೊಂದಾಣಿಕೆ ಎಷ್ಟು ಸೂಕ್ಷ್ಮವಾದುದು ಎಂಬುದಕ್ಕೆ ಕಾಫಿ ಹೂವಿಗಿಂತ ಉತ್ತಮ ಉದಾಹರಣೆ ಬೇಕಿಲ್ಲ. ಚಳಿಗಾಲದ ಒಣಹವೆಯಲ್ಲಿ ಮೊಗ್ಗುಗಳು ನಿದ್ರಿಸುತ್ತಿರುತ್ತವೆ. ಒಂದು ಇಂಚು, ಒಂದೂವರೆ ಇಂಚು ಮಳೆ ಬಿದ್ದರೆ ಎಚ್ಚೆತ್ತು, ಎಂಟು ಹತ್ತು ದಿನಗಳಲ್ಲಿ ಇಡೀ ತೋಟ ಒಮ್ಮೆಗೇ ಬೆಳ್ಳಗಾಗುತ್ತದೆ. ಎರಡು ಮೂರು ದಿನಗಳಲ್ಲಿ ಹೂವು ಕಂದುತ್ತದೆ. ವರ್ಷದ ಆದಾಯ ಆ ಎರಡು ಮೂರು ಬೆಳಿಗ್ಗೆಗಳಲ್ಲಿ ನಿಶ್ಚಯವಾಗುತ್ತದೆ.

ಅರೇಬಿಕಾ ಹೂವು ತನ್ನದೇ ಪರಾಗದಿಂದ ಕಾಯಿ ಕಟ್ಟಬಲ್ಲದು. ರೊಬಸ್ಟಾ ಹಾಗಲ್ಲ; ಅದಕ್ಕೆ ಬೇರೆ ಗಿಡದ ಪರಾಗವೇ ಬೇಕು. ಗಾಳಿ ಸ್ವಲ್ಪ ತರುತ್ತದೆ, ಜೇನು ಹೆಚ್ಚು ಖಚಿತವಾಗಿ ತರುತ್ತದೆ. ಕೊಡಗಿನ ತೋಟಗಳಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಕೆಲಸದಲ್ಲಿ ಹೆಜ್ಜೇನಿನ ಪಾತ್ರವೇ ಪ್ರಧಾನವೆಂದು ಗುರುತಿಸಿತು. ತುಡುವೆ ಮತ್ತು ನಸರು ಜೇನುಗಳು ಅದರ ಜೊತೆಗಿವೆ. ಸಂಬಳವಿಲ್ಲದ ಈ ಕೂಲಿಗಳು ಆ ಮೂರು ದಿನಗಳಲ್ಲಿ ಕೈಕೊಟ್ಟರೆ ಬೇರೆ ಯಾವ ಕೂಲಿಯೂ ಆ ಕೆಲಸವನ್ನು ಮಾಡಲಾರರು. ಏಲಕ್ಕಿಯ ಅವಲಂಬನೆ ಇನ್ನೂ ಬಿಗಿಯಾದುದು. ಬೆಳಗಿನ ಜಾವ ಅರಳುವ ಅದರ ಹೂವಿನ ಆಯುಷ್ಯ ಒಂದೇ ದಿನ. ಅಷ್ಟರಲ್ಲಿ ಜೇನು ಬಂದು ಹೋಗದಿದ್ದರೆ ಆ ಹೂವು ಕಾಯಾಗದೆ ಉದುರುವುದೇ ಹೆಚ್ಚು.

ಹೆಜ್ಜೇನು ಪೆಟ್ಟಿಗೆಯಲ್ಲಿ ನಿಲ್ಲುವ ಜೀವಿಯಲ್ಲ. ಎತ್ತರದ ಮರ, ಬಂಡೆಗಳಲ್ಲಿ ಬಯಲಿಗೆ ತಟ್ಟಿ ಕಟ್ಟಿ, ಹೂವಿನ ಕಾಲ ಮುಗಿದೊಡನೆ ವಲಸೆ ಹೊರಡುವ ಅಲೆಮಾರಿ. ಅದನ್ನು ಹಣ ಕೊಟ್ಟು ತರಿಸಲಾಗದು. ತುಡುವೆಯನ್ನು ಸಾಕಬಹುದು. ಆದರೆ 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗ ಬಂದು ದಕ್ಷಿಣ ಭಾರತದ ತುಡುವೆ ಕುಟುಂಬಗಳು ಅಪಾರ ಸಂಖ್ಯೆಯಲ್ಲಿ ನಾಶವಾದದ್ದನ್ನು ಹಿರಿಯ ಜೇನು ಕೃಷಿಕರು ಮರೆತಿಲ್ಲ. ಜೇನು ಎಂದರೆ ಎಂದಿಗೂ ಬರಿದಾಗದ ಭಂಡಾರವಲ್ಲ ಎಂಬುದಕ್ಕೆ ಅದೊಂದು ಎಚ್ಚರಿಕೆಯಾಗಿತ್ತು.

ಉಳಿದ ದಿನಗಳ ಊಟ

ಕಾಫಿ ಹೂವು ಜೇನಿಗೆ ಮೂರು ದಿನದ ಮದುವೆಯೂಟ. ಮದುವೆಯೂಟವನ್ನು ನಂಬಿ ಯಾರೂ ಸಂಸಾರ ಹೂಡುವುದಿಲ್ಲ. ಹೆಜ್ಜೇನು ಒಂದು ಪ್ರದೇಶದಲ್ಲಿ ಬಂದು ನೆಲಸಬೇಕಾದರೆ ಪುಷ್ಯದಿಂದ ಜ್ಯೇಷ್ಠದವರೆಗೆ ಒಂದಲ್ಲ ಒಂದು ಮರ ಅರಳುತ್ತಿರಬೇಕು. ಹಳೆಯ ಮಲೆನಾಡಿನ ತೋಟ, ಕಾನು, ಬೆಟ್ಟಗಳಲ್ಲಿ ಈ ಸರದಿ ಯಾರ ಯೋಜನೆಯೂ ಇಲ್ಲದೆ ಇತ್ತು. ಮಾವು, ಬೂರುಗ, ಹಾಲಿವಾಣಗಳ ಬೆನ್ನಿಗೆ ಸುರಗಿ. ಅದು ಮುಗಿಯುವ ಹೊತ್ತಿಗೆ ನೇರಳೆ, ಹೊಂಗೆ. ಮುಂದೆ ಮತ್ತಿ ಮತ್ತು ಅದರ ಬಳಗದ ಮರಗಳು. ನಡುವೆ ಅಡಿಕೆಯ ಸಿಂಗಾರದ ಪರಾಗ. ಒಬ್ಬರ ಮನೆಯ ಊಟ ಮುಗಿಯುವಾಗ ಇನ್ನೊಬ್ಬರ ಮನೆಯಲ್ಲಿ ಎಲೆ ಹಾಕಿದಂತೆ.

ಈ ಸರದಿಯ ಕೊಂಡಿಗಳು ಕಳಚಿದ್ದು ಒಂದೇ ಕಾರಣದಿಂದಲ್ಲ. ಹಾಲಿವಾಣದ ಕಥೆಯನ್ನೇ ನೋಡಬಹುದು. ಮೆಣಸಿನ ಬಳ್ಳಿಗೆ ಆಸರೆಯಾಗಿ, ಕಾಫಿಗೆ ನೆರಳಾಗಿ ಇದ್ದ ಈ ಮರಕ್ಕೆ 2000ದ ದಶಕದ ಮಧ್ಯಭಾಗದಲ್ಲಿ ಹೊರದೇಶದಿಂದ ಬಂದ ಗಂಟುಕಣಜವೊಂದು ತಗುಲಿತು. ಚಿಗುರು, ತೊಟ್ಟುಗಳೆಲ್ಲ ಗಂಟುಕಟ್ಟಿ ಮರಗಳು ಸೊರಗಿದವು. ಬೆಳೆಗಾರರು ಬೇರೆ ಮರ ಹುಡುಕಿದರು. ಸಿಲ್ವರ್ ಓಕ್ ಕೈಗೆ ಸಿಕ್ಕಿತು. ಅದು ಬೇಗ ಬೆಳೆಯುತ್ತದೆ, ನೆಟ್ಟಗೆ ನಿಲ್ಲುತ್ತದೆ, ಮೆಣಸು ಹಬ್ಬಿಸಲು ಅನುಕೂಲ, ಕಡಿದು ಮಾರುವಾಗ ಅನುಮತಿಯ ತೊಡಕೂ ಕಡಿಮೆ. ಕಾಡುಮರವನ್ನು ಮೂವತ್ತು ವರ್ಷ ಸಾಕಿದವನಿಗೆ ಅದರ ಮೇಲಿನ ಹಕ್ಕಿನ ವಿಷಯದಲ್ಲಿ ನೂರು ಪ್ರಶ್ನೆ, ಸಿಲ್ವರ್ ಓಕ್ ನೆಟ್ಟವನಿಗೆ ಯಾವ ಪ್ರಶ್ನೆಯೂ ಇಲ್ಲ ಎಂಬ ಸ್ಥಿತಿಯಲ್ಲಿ ಬೆಳೆಗಾರನೊಬ್ಬನನ್ನೇ ದೂರುವುದು ನ್ಯಾಯವಲ್ಲ. ಈ ನಿಯಮಗಳು ಬದಲಾಗದೆ ಕಾಡುಮರಗಳನ್ನು ಬೆಳೆಸಿ ಎಂಬ ಉಪದೇಶಕ್ಕೆ ಬೆಲೆ ಬಾರದು.

ಸಿಲ್ವರ್ ಓಕಿನಲ್ಲಿಯೂ ಹೂವಿದೆ, ಮಕರಂದವಿದೆ ಎಂದು ಕೆಲವರು ಹೇಳುತ್ತಾರೆ. ಅದು ನಿಜ. ಆದರೆ ಬೆಟ್ಟವಿಡೀ ಒಂದೇ ಜಾತಿಯ ಮರವಿದ್ದರೆ ಊಟವೂ ಒಂದೇ ಹೊತ್ತು. ಉಳಿದ ತಿಂಗಳು ಉಪವಾಸ. ಅರಣ್ಯದ ಹೆಸರಿನಲ್ಲಿ ಗುಡ್ಡಗಳನ್ನು ತುಂಬಿದ ಅಕೇಶಿಯಾ ನೆಡುತೋಪುಗಳ ಬಗ್ಗೆಯೂ ಇದೇ ಮಾತನ್ನು ಹೇಳಬೇಕಾಗುತ್ತದೆ.

ನೆರಳು ಹೋದರೆ ಬರುವ ಅತಿಥಿ

ವಸಂತದಲ್ಲಿ ಏಳುವ ಕೀಟಗಳೆಲ್ಲವೂ ಮಿತ್ರರಲ್ಲ. ಅರೇಬಿಕಾ ಬೆಳೆಗಾರನ ನಿದ್ದೆ ಕೆಡಿಸುವ ಬಿಳಿ ಕಾಂಡಕೊರಕದ ದುಂಬಿಗಳು ವರ್ಷಕ್ಕೆರಡು ಬಾರಿ, ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್ ಅವಧಿಗಳಲ್ಲಿ ಹೊರಬಂದು ಹಾರಾಡುತ್ತವೆ. ತೊಗಟೆಯ ಬಿರುಕುಗಳಲ್ಲಿ ಮೊಟ್ಟೆ ಇಡುತ್ತವೆ. ಮರಿಹುಳು ಕಾಂಡದೊಳಗೆ ಸೇರಿದ ಮೇಲೆ ಗಿಡವನ್ನು ಕಿತ್ತು ಸುಡುವುದೊಂದೇ ದಾರಿ. ಈ ದುಂಬಿಗೆ ಪ್ರಿಯವಾದದ್ದು ಬಿಸಿಲು ಬೀಳುವ ಕಾಂಡ. ನೆರಳು ತೆಳುವಾದ ತೋಟದಲ್ಲಿ ಅದರ ಹಾವಳಿ ಹೆಚ್ಚು ಎಂಬುದು ಕಾಫಿ ವಿಜ್ಞಾನದಲ್ಲಿ ಬಹುಕಾಲದಿಂದ ತಿಳಿದಿರುವ ವಿಷಯ. ಹೆಚ್ಚು ಇಳುವರಿಗಾಗಿ ನೆರಳು ಕಡಿದ ತೋಟಗಾರ ಜೇನಿನ ಊಟ ಕಿತ್ತುಕೊಂಡು, ಅದೇ ಕೈಯಿಂದ ಕಾಂಡಕೊರಕಕ್ಕೆ ಎಲೆ ಹಾಕುತ್ತಾನೆ.

ಹಳೆಯ ನೆರಳಿನಲ್ಲಿ ಅತ್ತಿ, ಬಸರಿ, ಗೋಣಿ ಮರಗಳಿರುತ್ತಿದ್ದವು. ಅತ್ತಿಯ ಹಣ್ಣು ಬಿಡಿಸಿದರೆ ಹುಳು ಎಂದು ಮೂಗು ಮುರಿಯುವುದು ರೂಢಿ. ಆ ಹುಳುವಿಲ್ಲದಿದ್ದರೆ ಅತ್ತಿಯ ಬೀಜವೇ ಇಲ್ಲ. ಆಲದ ಬಳಗದ ಮರಗಳು ಪರಾಗಸ್ಪರ್ಶಕ್ಕಾಗಿ ತಮ್ಮ ತಮ್ಮ ಜಾತಿಗೆ ಮೀಸಲಾದ ಕಿರುಕಣಜಗಳನ್ನೇ ನಂಬಿವೆ. ಆ ಕಣಜ ಹುಟ್ಟುವುದೂ ಅದೇ ಕಾಯಿಯ ಒಳಗೆ. ಕಾಡಿನಲ್ಲಿ ಬೇರೆ ಹಣ್ಣಿಲ್ಲದ ದಿನಗಳಲ್ಲಿ ಮಂಗಟ್ಟೆ, ಕೆಂದಳಿಲು, ಕೋತಿಗಳನ್ನು ಈ ಮರಗಳೇ ಪೊರೆಯುತ್ತವೆ. ಕೋತಿಗಳು ತೋಟಕ್ಕೆ ನುಗ್ಗುತ್ತಿವೆ ಎಂದು ಅರ್ಜಿ ಬರೆಯುವ ಊರು, ತನ್ನ ಗಡಿಯಲ್ಲಿ ಎಷ್ಟು ಬಸರಿ, ಗೋಣಿಗಳು ಉಳಿದಿವೆ ಎಂಬುದನ್ನೂ ಒಮ್ಮೆ ಎಣಿಸಬೇಕು.

ಆಕಾಶದಿಂದ ಸುರಿದ ಪಾಠ

ಹೂವಿನ ಕಾಲದಲ್ಲಿ ವಿಷ ಸುರಿದರೆ ಏನಾಗುತ್ತದೆ ಎಂಬುದನ್ನು ಈ ನಾಡು ಊಹಿಸಬೇಕಾಗಿಲ್ಲ. ಕಾಸರಗೋಡಿನ ಪಡ್ರೆ, ದಕ್ಷಿಣ ಕನ್ನಡದ ಕೊಕ್ಕಡ ಮೊದಲಾದ ಊರುಗಳ ಗೇರು ನೆಡುತೋಪುಗಳ ಮೇಲೆ 2000ದ ಹೊತ್ತಿನವರೆಗೆ ಹಲವು ವರ್ಷಗಳ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗುರಿ ಇದ್ದದ್ದು ಟೀ ಸೊಳ್ಳೆ ಎಂಬ ರಸಹೀರುವ ಕೀಟ. ಅದು ಎರಗುವುದು ಗೇರು ಚಿಗುರುವ, ಹೂ ಬಿಡುವ ಕಾಲದಲ್ಲಿ. ಸಿಂಪರಣೆಯೂ ಆ ಕಾಲದಲ್ಲಿಯೇ ನಡೆಯಿತು. ಜೇನು, ಮೀನು, ಕಪ್ಪೆಗಳು ಕಾಣೆಯಾದುದನ್ನು ಊರವರು ಹೇಳಿದಾಗ ಕೇಳುವವರಿರಲಿಲ್ಲ. ಮನುಷ್ಯರ ಮಕ್ಕಳ ಮೇಲೆ ಅದರ ಪರಿಣಾಮ ಕಾಣತೊಡಗಿದ ಮೇಲೆ ಹೋರಾಟ ಬೆಳೆಯಿತು. ಸರ್ವೋಚ್ಚ ನ್ಯಾಯಾಲಯ ದೇಶದಾದ್ಯಂತ ಈ ವಿಷವನ್ನು ತಡೆದದ್ದು 2011ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರು ಬೆಲೆ ತೆತ್ತಾಗಿತ್ತು. ಕೀಟಗಳು ಕೊಟ್ಟ ಮೊದಲ ಸೂಚನೆಯನ್ನು ಯಾರಾದರೂ ದಾಖಲೆಯಾಗಿ ಸ್ವೀಕರಿಸಿದ್ದರೆ ಎಷ್ಟೋ ವರ್ಷಗಳು ಉಳಿಯುತ್ತಿದ್ದವು.

ಇದರ ಇನ್ನೊಂದು ಮುಖವೂ ಇದೆ. ಎಲೆಗಳನ್ನು ಹೊಲಿದು ಗೂಡು ಕಟ್ಟುವ ಚಗಳಿ ಇರುವೆ ಟೀ ಸೊಳ್ಳೆಯನ್ನು ಹಿಡಿದು ತಿನ್ನುತ್ತದೆ. ಚಗಳಿ ನೆಲಸಿದ ಗೇರುಮರಗಳಲ್ಲಿ ಆ ಕೀಟದ ಹಾನಿ ಕಡಿಮೆ ಎಂಬುದು ಪ್ರಯೋಗಗಳಿಂದ ತಿಳಿದುಬಂದಿದೆ. ಮಲೆನಾಡಿನ ಮನೆಗಳಲ್ಲಿ ಚಟ್ನಿಯಾಗುವ ಈ ಇರುವೆ ಬೆಳೆಯ ಕಾವಲುಗಾರನೂ ಹೌದು. ಆಕಾಶದಿಂದ ಬಿದ್ದ ವಿಷ ಕಳ್ಳನನ್ನೂ ಕಾವಲುಗಾರನನ್ನೂ ಒಟ್ಟಿಗೆ ಕೊಂದಿತು.

ಹೆಲಿಕಾಪ್ಟರ್ ಹೋಯಿತು, ಕ್ಯಾನು ಉಳಿಯಿತು. ಮಾವಿನ ಜಿಗಿಹುಳುವಿಗೆಂದು ಇಂದು ಬಳಸುವ ಇಮಿಡಾಕ್ಲೋಪ್ರಿಡ್‌ನಂತಹ ಕೀಟನಾಶಕಗಳು ಗಿಡದ ರಸದಲ್ಲಿಯೇ ಸೇರಿಕೊಳ್ಳುವಂಥವು. ಮಕರಂದ, ಪರಾಗಗಳಿಗೂ ತಲುಪಬಲ್ಲವು. ಜೇನಿಗೆ ಅಪಾಯವೆಂಬ ಕಾರಣಕ್ಕೆ ಐರೋಪ್ಯ ಒಕ್ಕೂಟ ಇದನ್ನೂ ಇದರ ಜಾತಿಯ ಇನ್ನೆರಡನ್ನೂ ಬಯಲಿನ ಬೆಳೆಗಳಿಗೆ ಬಳಸದಂತೆ 2018ರಲ್ಲಿ ನಿಷೇಧಿಸಿತು. ಇಲ್ಲಿ ಕೃಷಿ ವಿಜ್ಞಾನವೂ ತನ್ನ ಪಾಲಿನ ತಪ್ಪನ್ನು ಒಪ್ಪಿಕೊಳ್ಳಬೇಕು. ಹೂವು ಪೂರ್ತಿ ಅರಳಿದಾಗ ಸಿಂಪಡಿಸಬಾರದು ಎಂಬ ಮಾತು ಶಿಫಾರಸಿನ ಪುಸ್ತಕಗಳಲ್ಲಿದೆ. ಆದರೆ ಔಷಧದ ಹೆಸರು, ಪ್ರಮಾಣಗಳು ಅಂಗಡಿಯ ಮೂಲಕ ಊರೂರಿಗೆ ತಲುಪಿದವು. ಆ ಎಚ್ಚರಿಕೆಯ ಸಾಲು ಪುಸ್ತಕದಲ್ಲಿಯೇ ಉಳಿಯಿತು.

ಹಿತ್ತಲಿನ ಗಡಿಯಾರ

ಈ ಕಾಲಗಣನೆಯನ್ನು ಕಲಿಯಲು ಕಾಡಿಗೆ ಹೋಗಬೇಕಾಗಿಲ್ಲ. ಬೇಸಿಗೆಯ ತರಕಾರಿ ಸಾಲೇ ಸಾಕು. ಚೀನಿಕಾಯಿಯ ಹೂವು ನಸುಕಿನಲ್ಲಿ ಅರಳುತ್ತದೆ. ಬಿಸಿಲೇರುವ ಮೊದಲೇ ಜೇನುಗಳು ತಮ್ಮ ಕೆಲಸ ಮುಗಿಸುತ್ತವೆ. ಸೌತೆಯದು ಬೆಳಗಿನ ಹೊತ್ತು. ಹೀರೆ ಅರಳುವುದು ಸಂಜೆ. ಸೋರೆ, ಪಡವಲಗಳು ಕತ್ತಲಾಗುವ ಹೊತ್ತಿಗೆ ಬಿಳಿ ಹೂ ಬಿಚ್ಚಿ ಪತಂಗಗಳನ್ನು ಕರೆಯುತ್ತವೆ. ಒಂದೇ ಚಪ್ಪರದ ಬಳ್ಳಿಗಳಿಗೆ ಹಗಲಿನ ಪಾಳಿ, ರಾತ್ರಿಯ ಪಾಳಿ ಎಂದು ಬೇರೆ ಬೇರೆ ಕೆಲಸಗಾರರಿದ್ದಾರೆ. ಹೀಚು ಕಪ್ಪಾಗಿ ಉದುರಿದರೆ ಗೊಬ್ಬರ ಸಾಲದು, ದೃಷ್ಟಿಯಾಯಿತು ಎಂದು ಕಾರಣ ಹುಡುಕುವ ಮೊದಲು, ಪಾಳಿಗೆ ಬರಬೇಕಾದವರು ಬಂದಿದ್ದರೇ ಎಂದು ನೋಡಬೇಕು. ಶಾಲೆಯ ಮಕ್ಕಳು ಒಂದು ವಾರ ಟಾರ್ಚ್ ಹಿಡಿದು ಚಪ್ಪರದ ಕೆಳಗೆ ಕುಳಿತರೆ ಪಾಠಪುಸ್ತಕದ ಪರಾಗಸ್ಪರ್ಶದ ಅಧ್ಯಾಯ ಕಣ್ಣೆದುರು ನಡೆಯುತ್ತದೆ.

ನೆಲದ ಮೇಲಿನ ತರಗೆಲೆಗೂ ಇದರಲ್ಲಿ ಪಾಲಿದೆ. ಮಾಘ, ಫಾಲ್ಗುಣಗಳಲ್ಲಿ ಕೊಟ್ಟಿಗೆಗೆ, ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟದಿಂದ ದರಗು ಒಟ್ಟುವುದು ಮಲೆನಾಡಿನ ಕೃಷಿಯ ಆಧಾರ. ಅದನ್ನು ನಿಲ್ಲಿಸಬೇಕೆಂದು ಯಾರೂ ಹೇಳಲಾರರು. ಆದರೆ ಬೆಟ್ಟವನ್ನು ಅಂಗಳದಂತೆ ಗುಡಿಸಿ ಹಾಕುವುದು, ಉಳಿದದ್ದಕ್ಕೆ ಬೆಂಕಿ ಇಡುವುದು ಬೇರೆ ಮಾತು. ಮುಂಗಾರಿನ ಮೊದಲ ಮಳೆಗೆ ಮರಗಳನ್ನು ಬೆಳಗುವ ಮಿಂಚುಹುಳುಗಳ ಮರಿಗಳು ತೇವವಿರುವ ತರಗಿನಲ್ಲಿ ಬಸವನಹುಳುಗಳನ್ನು ತಿಂದು ಬೆಳೆಯುತ್ತವೆ. ಅಡಿಕೆಯ ನಡುವೆ ಬೆಳೆಯುವ ಕೋಕೋ ಹೂವಿಗೆ ಪರಾಗ ಮುಟ್ಟಿಸುವ ಕಿರುನುಸಿ ಹುಟ್ಟುವುದೂ ಕೊಳೆಯುವ ಎಲೆ, ಸಿಪ್ಪೆಗಳಲ್ಲಿ. ತೋಟವನ್ನು ಅತಿ ಚೊಕ್ಕಟವಾಗಿಟ್ಟು ಕೋಕೋ ಕಾಯಿ ಕಟ್ಟಲಿಲ್ಲವೆಂದು ಕೊರಗಿದರೆ ಪ್ರಯೋಜನವಿಲ್ಲ.

ಕೇಳಬರುವ ಆಕ್ಷೇಪಗಳು

ಅಡಿಕೆಗೆ ಜೇನು ಬೇಕಿಲ್ಲ, ಗಾಳಿ ಸಾಕು. ಮೆಣಸಿಗೆ ಮಳೆಹನಿ ಸಾಕು. ಹಾಗಿರುವಾಗ ಈ ಚಿಂತೆ ಯಾರಿಗೆ ಎಂಬುದು ಮೊದಲ ಆಕ್ಷೇಪ. ಅಡಿಕೆ, ಮೆಣಸುಗಳ ಮಟ್ಟಿಗೆ ಈ ಮಾತು ಬಹುಪಾಲು ಸರಿ. ಆದರೆ ಮಲೆನಾಡಿನ ಮನೆ ಎರಡು ಬೆಳೆಗಳಿಂದ ನಡೆದದ್ದಲ್ಲ. ಏಲಕ್ಕಿ, ಕಾಫಿ, ಕೋಕೋ, ಚಿಕ್ಕ ದುಂಬಿಗಳನ್ನು ನೆಚ್ಚಿದ ಜಾಯಿಕಾಯಿ, ಹೊಳೆದಂಡೆಯ ಅಪ್ಪೆಮಿಡಿ, ಹಿತ್ತಲಿನ ತರಕಾರಿ, ಇವೆಲ್ಲ ಕೀಟಗಳ ಸಾಲಗಾರರು. ಅಡಿಕೆಯ ಧಾರಣೆ ಬಿದ್ದ ವರ್ಷಗಳಲ್ಲಿ ಮನೆಯನ್ನು ಎತ್ತಿ ಹಿಡಿದದ್ದು ಈ ಉಪಬೆಳೆಗಳೇ.

ಹವಾಮಾನವೇ ಬದಲಾಗುತ್ತಿರುವಾಗ ಊರಿನವರು ಏನು ಮಾಡಿಯಾರು ಎಂಬುದು ಎರಡನೆಯದು. ಹವಾಮಾನ ಕೆಟ್ಟಿರುವುದರಿಂದಲೇ ಉಳಿದದ್ದನ್ನು ಕಾಪಾಡುವ ತುರ್ತು ಹೆಚ್ಚು. ಮಳೆ ಹಿಂದುಮುಂದಾದಾಗ ಹತ್ತು ಜಾತಿಯ ಮರಗಳಿರುವ ಬೆಟ್ಟದಲ್ಲಿ ಒಂದು ತಪ್ಪಿದರೂ ಇನ್ನೊಂದು ಅರಳಿರುತ್ತದೆ. ಒಂದೇ ಜಾತಿಯ ಬೆಟ್ಟದಲ್ಲಿ ತಪ್ಪಿದರೆ ಎಲ್ಲವೂ ತಪ್ಪಿದಂತೆ.

ಕೂಲಿಯಾಳುಗಳ ಅಭಾವ ಮೂರನೆಯದು, ಮತ್ತು ಎಲ್ಲಕ್ಕಿಂತ ಗಟ್ಟಿಯಾದದ್ದು. ಆಳು ಸಿಕ್ಕ ದಿನವೇ ಸಿಂಪರಣೆ, ಸಿಕ್ಕ ದಿನವೇ ಕಸಿ ಎಂಬ ಸ್ಥಿತಿಯಲ್ಲಿ ಹೂವಿನ ದಿನ ನೋಡುವುದು ಕಷ್ಟ. ಆದರೆ ಕಾಫಿ ಹೂವಿನ ದಿನವನ್ನು ಮಳೆ ಎಂಟು ದಿನ ಮೊದಲೇ ತಿಳಿಸುತ್ತದೆ. ಅಷ್ಟು ಮುನ್ಸೂಚನೆ ಕೊಡುವ ಬೆಳೆ ಬೇರೊಂದಿಲ್ಲ. ಊರು ಒಟ್ಟಾಗಿ ನಿರ್ಧರಿಸಿದರೆ ಒಂದು ವಾರ ಕ್ಯಾನು ಕೆಳಗಿಡುವುದು ಅಸಾಧ್ಯವಲ್ಲ.

ಊರು ಮಾಡಬೇಕಾದದ್ದು

ಮೊದಲನೆಯದು ಬರವಣಿಗೆ. ಮಳೆ ಪುಸ್ತಕದ ಪ್ರತಿ ಪುಟದಲ್ಲಿ ಇನ್ನು ಮೂರು ಕಾಲಂ ಸೇರಬೇಕು: ಯಾವ ಗಿಡ ಇಂದು ಅರಳಿತು, ಬೆಳಿಗ್ಗೆ ಎಂಟು ಗಂಟೆಗೆ ಒಂದೇ ಗಿಡದ ಮುಂದೆ ಹತ್ತು ನಿಮಿಷ ನಿಂತಾಗ ಎಷ್ಟು ಜೇನು ಬಂದವು, ಊರಿನಲ್ಲಿ ಇಂದು ಏನು ಸಿಂಪಡಿಸಲಾಯಿತು. ಜಪಾನಿನ ಕ್ಯೋಟೋ ನಗರದಲ್ಲಿ ಚೆರ್ರಿ ಹೂವು ಅರಳಿದ ದಿನಗಳ ದಾಖಲೆ ಒಂಬತ್ತನೆಯ ಶತಮಾನದಿಂದಲೂ ಸಿಗುತ್ತದೆ. 2021ರಲ್ಲಿ ಮಾರ್ಚ್ 26ಕ್ಕೇ ಹೂವು ತುಂಬಿ ಅರಳಿದಾಗ, ಸಾವಿರದ ಇನ್ನೂರು ವರ್ಷಗಳಲ್ಲಿ ಇಷ್ಟು ಬೇಗ ಅರಳಿದ ದಾಖಲೆ ಇಲ್ಲ ಎಂದು ಜಗತ್ತಿಗೆ ಹೇಳಲು ಅವರಿಗೆ ಸಾಧ್ಯವಾದದ್ದು ಹಿಂದಿನವರು ತಾರೀಖು ಬರೆದಿಟ್ಟಿದ್ದರಿಂದ. ಪಕ್ಕದ ಕೇರಳದ ಶಾಲಾಮಕ್ಕಳು ಸೀಸನ್‌ವಾಚ್ ಎಂಬ ಕಾರ್ಯಕ್ರಮದಡಿ ವಾರಕ್ಕೊಮ್ಮೆ ತಮ್ಮ ಮರಗಳ ಚಿಗುರು, ಹೂವು, ಕಾಯಿಗಳನ್ನು ದ���ಖಲಿಸುತ್ತ ಬಂದಿದ್ದಾರೆ. ಮಲೆನಾಡಿನ ಪ್ರತಿ ಶಾಲೆಯೂ ಐದು ಮರಗಳನ್ನು ಆರಿಸಿಕೊಂಡು ಇದನ್ನು ಮಾಡಬಲ್ಲದು. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ರಚನೆಯಾಗಬೇಕಾದ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ, ತನ್ನ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ವಸಂತಕ್ಕಾಗಿ ಒಂದು ಭಾಗವನ್ನು ಮೀಸಲಿಟ್ಟು ಪ್ರತಿವರ್ಷ ಯುಗಾದಿಯ ನಂತರ ಅದನ್ನು ತುಂಬಬೇಕು. ಒಮ್ಮೆ ಬರೆದು ಕಪಾಟಿನಲ್ಲಿಟ್ಟ ದಾಖಲಾತಿಯಿಂದ ಉಪಯೋಗವಿಲ್ಲ.

ಎರಡನೆಯದು ಹೂವಿನ ವಾರದ ವಿಷವಿರಾಮ. ಹೂಮಳೆ ಬಿದ್ದ ಐದನೆಯ ದಿನದಿಂದ ಹೂವು ಕಂದುವವರೆಗೆ, ಮಾವಿನ ಹೂವು ತುಂಬಿ ಅರಳಿರುವಷ್ಟು ದಿನ, ಊರಿನಲ್ಲಿ ಯಾವ ಕೀಟನಾಶಕವನ್ನೂ ಸಿಂಪಡಿಸಬಾರದೆಂದು ಗ್ರಾಮಸಭೆ ನಿರ್ಣಯಿಸಬೇಕು. ಹೆಜ್ಜೇನು ಮೇವಿಗಾಗಿ ಹಲವು ಕಿಲೋಮೀಟರ್ ಹಾರುತ್ತದೆ. ಅದಕ್ಕೆ ಸರ್ವೆ ನಂಬರು ತಿಳಿಯದು. ಒಬ್ಬನು ಪಾಲಿಸಿ ಪಕ್ಕದವನು ಬಿಟ್ಟರೆ ಫಲವಿಲ್ಲ.

ಮೂರನೆಯದು ಊಟದ ಸರದಿಯನ್ನು ಮತ್ತೆ ಕಟ್ಟುವುದು. ಜನವರಿಯಿಂದ ಮೇವರೆಗೆ ಪ್ರತಿ ತಿಂಗಳಿಗೆ ಎರಡು ಜಾತಿಯ ಮರವಾದರೂ ಊರಿನಲ್ಲಿ ಅರಳುತ್ತಿದೆಯೇ ಎಂದು ನೋಡಿ, ಖಾಲಿ ಇರುವ ತಿಂಗಳಿನ ಮರವನ್ನು ಮುಂಗಾರಿನಲ್ಲಿ ನೆಡಬೇಕು. ವನಮಹೋತ್ಸವದ ಸಸಿಗಳ ಪಟ್ಟಿ ತಯಾರಾಗಬೇಕಾದದ್ದು ಹೀಗೆ. ದರಗು ಒಟ್ಟುವಾಗ ಬೆಟ್ಟದ ಒಂದು ಪಾಲನ್ನು ಮುಟ್ಟದೆ ಬಿಟ್ಟು, ಅದನ್ನು ವರ್ಷವರ್ಷವೂ ಬದಲಿಸಬೇಕು. ಸೂಡಿ ಹಿಡಿದು ಹೆಜ್ಜೇನಿನ ತಟ್ಟಿಯನ್ನು ಹುಳುಸಮೇತ ಸುಡುವ ಪದ್ಧತಿ ನಿಲ್ಲಬೇಕು. ಮೊಟ್ಟೆ, ಮರಿಗಳಿರುವ ಭಾಗವನ್ನು ಉಳಿಸಿ ತುಪ್ಪದ ಭಾಗವನ್ನಷ್ಟೇ ಕೊಯ್ಯುವುದನ್ನು ಬಲ್ಲವರು ಇನ್ನೂ ಊರುಗಳಲ್ಲಿದ್ದಾರೆ. ಅವರಿಂದ ಯುವಕರು ಕಲಿಯಬೇಕು.

ಸುರಗಿ ಎಂದು ಅರಳುತ್ತಿತ್ತು, ಹೆಜ್ಜೇನು ಯಾವ ಮರಕ್ಕೆ ಬರುತ್ತಿತ್ತು, ಎಷ್ಟು ತಟ್ಟಿಗಳಿರುತ್ತಿದ್ದವು ಎಂಬುದನ್ನು ನೆನಪಿನಿಂದ ಹೇಳಬಲ್ಲ ಅಜ್ಜ, ಅಜ್ಜಿಯರು ಪ್ರತಿ ಊರಿನಲ್ಲಿಯೂ ಕೆಲವರು ಉಳಿದಿದ್ದಾರೆ. ಅವರ ನೆನಪೇ ಈ ದಾಖಲೆಯ ಮೊದಲ ಪುಟವಾಗಬೇಕು. ಬರುವ ಮಾಘದೊಳಗೆ ಪುಸ್ತಕಕ್ಕೆ ಗೆರೆ ಎಳೆದು, ಆ ಮನೆಗಳ ಜಗಲಿಗೆ ವಿದ್ಯಾರ್ಥಿಗಳು ಹೋಗಿ ಕುಳಿತುಕೊಳ್ಳಲಿ.